ಹಿರಿಯರ ತಪ್ಪು, ನಮ್ಮ ಹೊಣೆ

ಬೆಂಗಳೂರಿನ ರಾತ್ರಿ ರೈಲು ಬೆಳಗಿನ ಜಾವ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಬರುತ್ತದೆ. ಇಳಿದವರಲ್ಲಿ ಹಲವರು ಕುಕ್ಕೆಯಲ್ಲಿ ಎರಡು ದಿನಗಳ ಸರ್ಪಸಂಸ್ಕಾರ ಸೇವೆಗೆ ಹೊರಟವರು. ಹಿರಿಯರು ಎಂದೋ ಹಾವು ಕೊಂದ, ನಾಗಬನ ಕಡಿದ ದೋಷ ತಮ್ಮನ್ನು ಕಾಡುತ್ತಿದೆ ಎಂಬ ಅಳಲು ಕೆಲವರದು.

ಅಜ್ಜನ ತಪ್ಪಿಗೆ ಮೊಮ್ಮಗ ಹೊಣೆಯೇ? ಬೈಬಲ್ಲಿನಲ್ಲೂ ಇದು ಹಳೆಯ ಪ್ರಶ್ನೆ. ವಿಮೋಚನಕಾಂಡದ 20ನೆಯ ಅಧ್ಯಾಯ ಮೂರು ನಾಲ್ಕು ತಲೆಮಾರಿನವರೆಗೂ ಮುಟ್ಟುವ ದಂಡನೆಯನ್ನು ಹೇಳುತ್ತದೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆಹೋದ ಯೆಹೂದ್ಯರು, ಹಿರಿಯರ ಪಾಪಕ್ಕೆ ತಾವು ಬೇಯುತ್ತಿದ್ದೇವೆಂದು ಕೈಚೆಲ್ಲಿದ್ದರು. ಪ್ರವಾದಿ ಯೆಹೆಜ್ಕೇಲ ಅವರೆದುರು ಮೂರು ತಲೆಮಾರನ್ನು ನಿಲ್ಲಿಸಿದ: ನೀತಿವಂತ ತಂದೆ, ದುಷ್ಟ ಮಗ, ಆ ದುಷ್ಟತನವನ್ನು ಕಣ್ಣಾರೆ ಕಂಡೂ ಹಾಗೆ ಬಾಳದ ಮೊಮ್ಮಗ. ಆ ಮೊಮ್ಮಗನಿಗೆ ಶಿಕ್ಷೆಯಿಲ್ಲ. ಅವರವರ ನಡತೆಗೆ ಅವರವರೇ ಹೊಣೆ ಎಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯ ಸಾರುತ್ತದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಯೇಸು ಅವನನ್ನೂ ದೂರಲಿಲ್ಲ, ಹೆತ್ತವರನ್ನೂ ದೂರಲಿಲ್ಲ.

ಹಿರಿಯರ ತಪ್ಪನ್ನು ಮಕ್ಕಳಿಗೆ ಹೊರಿಸುವ ಯೋಚನೆ ನಮ್ಮಲ್ಲಿ ಕಾನೂನಿಗೂ ಇಳಿದಿತ್ತು. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ಕಿತ್ತೊಗೆಯಿತು. ಆದರೂ ಅಪ್ಪನ ತಪ್ಪೆತ್ತಿ ಮಗುವನ್ನು ಹಂಗಿಸುವ ಚಾಳಿ ನಮ್ಮನ್ನು ಬಿಟ್ಟಿಲ್ಲ.

ಪ್ರಾಯಶ್ಚಿತ್ತದಿಂದ ಮನಸ್ಸು ಹಗುರಾದರೆ ಒಳ್ಳೆಯದೇ. ಜೊತೆಗೆ, ಹಿರಿಯರು ಬನ ಕಡಿದಿದ್ದರೆ ನಾವು ಗಿಡ ನೆಡೋಣ. ಯಾರದೋ ಜಾಗ ಕಿತ್ತುಕೊಂಡಿದ್ದರೆ ಹಿಂದಿರುಗಿಸೋಣ. ಅಪರಾಧ ಬಳುವಳಿಯಾಗಿ ಬರುವುದಿಲ್ಲ; ಸರಿಪಡಿಸುವ ಹೊಣೆ ಮಾತ್ರ ನಮ್ಮದೇ.