ನೊಂದ ಹೆಣ್ಣಿಗೆ ಕಾನೂನಿನ ಆಸರೆ
(ಶತಮಾನೋತ್ಸವದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಗಂಡನಿಂದ ಪೆಟ್ಟು ತಿಂದ ಹೆಣ್ಣಿಗೆ ನಮ್ಮ ಸಮಾಜವು ಬಹುಕಾಲದಿಂದ ನೀಡುತ್ತ ಬಂದ ಉಪದೇಶ ಒಂದೇ: ಸಹಿಸಿಕೋ, ಅದು ನಿನ್ನ ಶಿಲುಬೆ. ಈ ಉಪದೇಶವನ್ನು ಒಪ್ಪದವರಲ್ಲಿ ಒಬ್ಬರು, ಮಂಗಳೂರಿನ ಕದ್ರಿಯಲ್ಲಿ ಬಾಲ್ಯ ಕಳೆದ ಫ್ಲೇವಿಯಾ ಆಗ್ನೆಸ್. ದಾಂಪತ್ಯದಲ್ಲಿ ಹಿಂಸೆಯನ್ನುಂಡು, ಅನಂತರ ವಕೀಲೆಯಾದ ಅವರು ಮಧುಶ್ರೀ ದತ್ತರೊಡನೆ 1990ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ‘ಮಜ್ಲಿಸ್’ ಸಂಸ್ಥೆಯನ್ನು ಕಟ್ಟಿದರು. ಅದರ ವಕೀಲೆಯರು ಜೀವನಾಂಶಕ್ಕಾಗಿ, ಮಕ್ಕಳಿಗಾಗಿ, ತಲೆಯ ಮೇಲೊಂದು ಸೂರಿಗಾಗಿ ಸ್ತ್ರೀಯರ ಪರವಾಗಿ ವಾದಿಸಿದರು. ಭಾಷಣಕ್ಕಿಂತ ಇದು ಮಿಗಿಲೆಂದು ಭಾಷಣಕ್ಕೆ ನಿಂತ ನಾವೂ ಒಪ್ಪುತ್ತೇವೆ.

1869ರ ವಿಚ್ಛೇದನ ಕಾಯಿದೆಯಲ್ಲಿ ಕ್ರೈಸ್ತ ಪತಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಪತ್ನಿಯಾದರೋ ಅದರೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ರುಜುವಾತುಪಡಿಸಬೇಕಿತ್ತು. ಈ ತಾರತಮ್ಯ ಅಳಿದದ್ದು 2001ರಲ್ಲಿ.

ವಿವಾಹಬಂಧನವು ಅಳಿಯದೆಂಬ ಧರ್ಮಸಭೆಯ ಬೋಧನೆಯನ್ನು ನಾವು ಸಡಿಲಿಸುತ್ತಿಲ್ಲ. ಆದರೆ ರಕ್ಷಣೆ ಕೇಳುವುದು ವಿಚ್ಛೇದನವಲ್ಲ. ಸಂಗಾತಿಗಾಗಲಿ ಮಕ್ಕಳಿಗಾಗಲಿ ಗಂಭೀರ ಅಪಾಯ ಒದಗಿದಾಗ ಬೇರೆಯಾಗಿ ಬಾಳಲು 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ವಿಧಿಯೇ ಅವಕಾಶವೀಯುತ್ತದೆ. ದೇಶದ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯೋ, ಮನೆಯ ಪತ್ರದಲ್ಲಿ ಅವಳ ಹೆಸರಿಲ್ಲದಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅವಳಿಗಿತ್ತಿದೆ. ಆ ಮನೆ ಅತ್ತೆ-ಮಾವಂದಿರದ್ದೇ ಆಗಿರಬಹುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು.

ತವರಿಗೆ ಓಡಿಬಂದ ಮಗಳನ್ನು ನೆರೆಯವರ ಮಾತಿಗಂಜಿ ಅಂದೇ ಹಿಂದಕ್ಕಟ್ಟುವ ತಂದೆತಾಯಿಗಳು ಇದನ್ನು ಮೊದಲು ತಿಳಿಯಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆನ್ನುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. 1987ರ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಹೆಣ್ಣಿಗೆ ಅಲ್ಲಿ ಉಚಿತ ನೆರವುಂಟು.