ಘಾಟಿ ಇಳಿಯುವಾಗ



ನಾವು ಮಲೆನಾಡಿನವರು. ತೋಟಕ್ಕೆ, ಸಂತೆಗೆ ಹಳೇ ಜೀಪಿನಲ್ಲೇ ಹೋಗ್ತೀವಿ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಇಂಥ ಕಡೆ ಇಳಿಯುವಾಗ ಒಮ್ಮೊಮ್ಮೆ ಸುಟ್ಟ ವಾಸನೆ ಬರುತ್ತದೆ. ಯಾಕೆ?

ಚಳಿಗೆ ಅಂಗೈ ಉಜ್ಜಿದರೆ ಬಿಸಿಯಾಗುತ್ತದಲ್ಲ? ಬ್ರೇಕೂ ಹಾಗೇ. ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾಯುತ್ತದೆ. ವಿಪರೀತ ಕಾದರೆ ಬ್ರೇಕು ಹಿಡಿಯುವುದಿಲ್ಲ.

ಹತ್ತುವ ಗೇರಿನಲ್ಲೇ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಬ್ರೇಕನ್ನು ಒತ್ತಬೇಕು, ಬಿಡಬೇಕು. ಡೀಸೆಲ್ ಉಳಿಸಲು ಎಂಜಿನ್ ಆರಿಸಿ ಇಳಿಯಬಾರದು. ಜನ, ಮೂಟೆ ಹೆಚ್ಚು ತುಂಬಬಾರದು.

ವಾಸನೆ ಬಂತೋ, "ಅಣ್ಣಾ, ಗಾಡಿ ನಿಲ್ಸಿ" ಅನ್ನೋಣ. ಚಕ್ರಕ್ಕೆ ಕಲ್ಲು ಕೊಟ್ಟು, ಪೂರ್ತಿ ತಣಿಯಲು ಬಿಡೋಣ. ನೀರು ಸುರಿಯಬಾರದು. ಕಾದ ಕಾವಲಿಯಂತೆ ಡ್ರಮ್ಮೂ ಬಿರುಕು ಬಿಟ್ಟೀತು.

ಹೇಳಲು ಸಂಕೋಚ ಬೇಡ. ಜೀಪಿನಲ್ಲಿ ನಮ್ಮ ಮಕ್ಕಳೂ ಇರ್ತಾರೆ.