ಗುಪ್ತಪಂಥಗಳ ಒಳಮನೆ: ಪಾತ್ರಾಭಿನಯದ ಆಟಗಳೂ ಟೇಲರನ ಕಾದಂಬರಿಯೂ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಅವರಲ್ಲೊಬ್ಬ ಕಲ್ಪಿತ ಲೋಕವೊಂದನ್ನು ವರ್ಣಿಸುತ್ತ ಹೋಗಲು, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ, ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ಉರುಳಿಸಿ ತೀರ್ಮಾನಿಸುವ ಆಟಕ್ಕೆ ಪಾತ್ರಾಭಿನಯದ ಆಟ, ಅಂದರೆ ರೋಲ್‌ಪ್ಲೇಯಿಂಗ್ ಗೇಮ್, ಎಂದು ಹೆಸರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾದಂದಿನಿಂದ ಈ ಆಟಗಳಲ್ಲಿ ಮತ್ತೆ ಮತ್ತೆ ಶತ್ರುವಾಗಿ ಬರುವುದು ಗುಪ್ತಪಂಥ: ಒಂದು ಉಗ್ರದೈವಕ್ಕೋ ಪಿಶಾಚಿಗೋ ನಡೆದುಕೊಳ್ಳುತ್ತ, ಸಮಾಜದ ನಡುವೆಯೇ ಮರೆಯಾಗಿ ಬದುಕುವ ಕೂಟ. ಕರಿನಿಲುವಂಗಿ, ಬಲಿಪೀಠ, ಕತ್ತಿಗಳಿಂದಾಚೆಗೆ ಏನೂ ಇಲ್ಲದ ನೂರಾರು ಪಂಥಗಳನ್ನು ಆಟಗಾರರು ಮರುದಿನವೇ ಮರೆಯುತ್ತಾರೆ. ಕೆಲವು ಮಾತ್ರ ವರ್ಷಗಳ ಕಾಲ ಕಾಡುತ್ತವೆ. ಈ ವ್ಯತ್ಯಾಸದ ಕಾರಣವನ್ನು ಅರಿಯಲು ಕಲಬುರಗಿಯ ಕಡೆಯವರು ದೂರ ಹೋಗಬೇಕಾಗಿಲ್ಲ, ಭೀಮಾ ನದಿಯಾಚೆಯ ಸುರಪುರದವರೆಗೆ ಹೋದರೆ ಸಾಕು.

ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಅಲ್ಲಿದ್ದನು. ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಅಲ್ಲಿಗೆ ಬರುವುದಕ್ಕೆ ಎರಡು ವರ್ಷ ಮೊದಲು, 1839ರಲ್ಲಿ, ಅವನು ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದ್ದನು. ದಾರಿಹೋಕರ ಜೊತೆಗೂಡಿ ವಿಶ್ವಾಸ ಗಳಿಸಿ, ರುಮಾಲಿನಿಂದ ಕೊರಳು ಬಿಗಿದು ಕೊಂದು ದೋಚುತ್ತಿದ್ದ ಥಗ್ಗರ ಕಥೆ ಅದು. ಇಂಥವರನ್ನು ಕನ್ನಡಿಗರು ತಂತಿಕಳ್ಳರೆನ್ನುತ್ತಿದ್ದರೆಂದು ಅದಕ್ಕೂ ಹಿಂದೆಯೇ ಶೆರ್ವುಡ್ ಎಂಬ ವೈದ್ಯ ಬರೆದಿದ್ದಾನೆ. ಕೊಲೆಗಡುಕ ಪಂಥವೊಂದನ್ನು ಒಳಗಿನವನ ಬಾಯಿಂದಲೇ ಹೇಳಿಸಿದ ಈ ಕೃತಿಯ ಚಿತ್ರವೇ ಮುಂದೆ ರೂಪಾಂತರಗೊಳ್ಳುತ್ತ 1939ರ ‘ಗಂಗಾ ದಿನ್’, 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ ಮುಂತಾದ ಸಿನಿಮಾಗಳಲ್ಲಿ ಕಾಣಿಸಿಕೊಂಡಿತು.

ಆ ಕಾಲದ ಬರಹಗಳಲ್ಲಿ ಥಗ್ಗರ ಗುದ್ದಲಿಯ ವರ್ಣನೆಯನ್ನು ಓದಿದವರು ಅದನ್ನು ಸುಲಭವಾಗಿ ಮರೆಯಲಾರರು. ಹೆಣ ಹೂಳುವ ಕುಣಿ ತೋಡಲು ಬೇಕಾದ ಆ ಗುದ್ದಲಿಯನ್ನು ನೀರು, ಬೆಲ್ಲದ ನೀರು, ಮಜ್ಜಿಗೆ, ಸಾರಾಯಿಗಳಿಂದ ತೊಳೆದು, ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ಪೂಜಿಸುತ್ತಿದ್ದರೆಂದೂ, ಕೊಲೆಯ ತರುವಾಯ ಎಲ್ಲರೂ ಕಂಬಳಿಯ ಮೇಲೆ ಕುಳಿತು ಬೆಲ್ಲದ ಪ್ರಸಾದ ತಿನ್ನುತ್ತಿದ್ದರೆಂದೂ, ಒಮ್ಮೆ ಆ ಬೆಲ್ಲದ ರುಚಿ ಕಂಡವನು ಬೇರೆ ಕಸುಬಿಗೆ ಮರಳಲಾರನೆಂದು ನಂಬಿದ್ದರೆಂದೂ ಅಲ್ಲಿ ಹೇಳಲಾಗಿದೆ. ಇಲ್ಲಿ ರಕ್ತವಿಲ್ಲ, ಮಂತ್ರದ ಅಬ್ಬರವಿಲ್ಲ. ಪ್ರತಿ ಮನೆಯಲ್ಲೂ ಇರುವ ಬೆಲ್ಲವೇ ಎದೆ ನಡುಗಿಸುತ್ತದೆ. ಹೆಂಗಸರನ್ನು ಕೊಲ್ಲಬಾರದು, ಕೆಲವು ಕಸುಬಿನವರನ್ನು ಮುಟ್ಟಬಾರದು ಎಂಬ ಕಟ್ಟಳೆಗಳೂ ಅವರಿಗಿದ್ದವೆಂದು, ಅವನ್ನು ಮುರಿದುದರಿಂದಲೇ ದೇವಿ ಭವಾನಿ ತಮ್ಮ ಕೈಬಿಟ್ಟಳೆಂದು ಸೆರೆಸಿಕ್ಕವರು ಹೇಳಿದರೆಂದು ದಾಖಲೆಗಳು ತಿಳಿಸುತ್ತವೆ. ಕಟ್ಟಳೆಯಿರುವ ಪಂಥದೊಳಗೆ ಅದನ್ನು ಮುರಿದವರೂ ಮುರಿಯಲೊಲ್ಲದವರೂ ಇರುವುದರಿಂದ ಜಗಳವೂ ಇರುತ್ತದೆ, ಮತ್ತು ಆ ಬಿರುಕಿನ ಮೂಲಕವೇ ಆಟಗಾರರು ಒಳಹೊಗಲು ಸಾಧ್ಯ.

ಇದಕ್ಕಿಂತ ಮುಖ್ಯವಾದದ್ದು ಒಳಗಿನವರ ಬಂಧ. ಟೇಲರನ ಕಾದಂಬರಿಯ ನಾಯಕ ಅಮೀರ್ ಅಲಿಯನ್ನು ಮಗನಂತೆ ಸಾಕಿದ ಇಸ್ಮಾಯಿಲ್ ಅವನ ಹೆತ್ತವರನ್ನು ಕೊಂದ ತಂಡದವನೇ. ಆ ಪ್ರೀತಿ ನಟನೆಯಲ್ಲ, ನಿಜವಾದದ್ದು, ಆದ್ದರಿಂದಲೇ ಘೋರವಾದದ್ದು. ಆಟದ ಲೋಕದಲ್ಲಿ ಇದೇ ಹದವನ್ನು ಕಂಡುಕೊಂಡದ್ದು 1987ರಲ್ಲಿ ‘ವಾರ್‌ಹ್ಯಾಮರ್’ ಆಟಕ್ಕಾಗಿ ಬಂದ ‘ಶ್ಯಾಡೋಸ್ ಓವರ್ ಬೋಗೆನ್‌ಹಾಫೆನ್’ ಎಂಬ ಕಥನ. ಅದರಲ್ಲಿ ಪಂಥದವರೆಂದರೆ ಊರಿನ ವರ್ತಕರು. ತಾವು ನಡೆಸಲಿರುವ ವಿಧಿಯಿಂದ ಸಂಪತ್ತು ಬರುವುದೆಂದು ಅವರಲ್ಲಿ ಹೆಚ್ಚಿನವರು ನಂಬಿರುತ್ತಾರೆ, ಪಿಶಾಚಿಯೊಡನೆ ಆಗಿರುವ ಒಪ್ಪಂದ ಅವರಿಗೆ ತಿಳಿಯದು. ಅಂಥವರ ಮೇಲೆ ಕತ್ತಿ ಎತ್ತುವ ಮುನ್ನ ಆಟಗಾರನ ಕೈ ತಡೆಯುತ್ತದೆ.

ಆದರೆ ಟೇಲರನ ಚಿತ್ರಕ್ಕೆ ತೆತ್ತ ಬೆಲೆಯನ್ನು ಮರೆತು ಅದರ ಕಲೆಯನ್ನಷ್ಟೇ ಹೊಗಳುವುದು ನ್ಯಾಯವಲ್ಲ. ಥಗ್ಗರದು ದೇಶವ್ಯಾಪಿಯಾದ ಒಂದು ಧಾರ್ಮಿಕ ಪಂಥವೆಂಬ ಮಾತು ಬಹುಮಟ್ಟಿಗೆ ಅಧಿಕಾರಿಗಳೂ ಮಾಫಿಸಾಕ್ಷಿಗಳೂ ಸೇರಿ ಕಟ್ಟಿದ್ದೆಂದು, ಥಗ್ಗರಲ್ಲಿ ಹಲವರು ಕೆಲಸ ಕಳೆದುಕೊಂಡ ಸಿಪಾಯಿಗಳೂ ಸುಗ್ಗಿ ಮುಗಿದ ಮೇಲೆ ದಾರಿಗಿಳಿದ ರೈತರೂ ಆಗಿದ್ದರೆಂದು ಕಿಮ್ ವ್ಯಾಗ್ನರ್ ಮೊದಲಾದ ಇತಿಹಾಸಕಾರರು ತೋರಿಸಿದ್ದಾರೆ. ಆದರೂ 1836ರ ಕಾನೂನು ಥಗ್ಗರ ಗುಂಪಿಗೆ ಸೇರಿದ್ದನ್ನೇ ಜೀವಾವಧಿ ಶಿಕ್ಷೆಯ ಅಪರಾಧವಾಗಿಸಿತು. ಅದೇ ಜಾಡಿನಲ್ಲಿ 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡಿತು. ಬೇಲಿಯೊಳಗೆ ಅವರನ್ನು ಕೂಡಿಹಾಕಿದ್ದ ಜಾಗಗಳು ಹುಬ್ಬಳ್ಳಿಯಲ್ಲೂ ಸೊಲ್ಲಾಪುರದಲ್ಲೂ ಸೆಟ್ಲ್‌ಮೆಂಟ್ ಎಂಬ ಹೆಸರಿನಲ್ಲೇ ಉಳಿದಿವೆ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕಲಬುರಗಿಯ ಭಕ್ತರು ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದುಹೋಗಿ ಕೈಮುಗಿಯುವ ಭವಾನಿಯ ಹೆಸರೇ ಹೊರಗಿನ ಓದುಗರಿಗೆ ಕೊಲೆಗಾರರ ದೈವದ ಹೆಸರಾಗಿ ತಲುಪಿದ್ದು ಸಣ್ಣ ಅನ್ಯಾಯವೇನಲ್ಲ. ಆದಕಾರಣ ಆಟಕ್ಕಾಗಿ ಪಂಥವನ್ನು ಕಲ್ಪಿಸುವವರು ಅದರ ಹಸಿವು, ಸಾಲ, ಅಂಜಿಕೆಗಳನ್ನು ಲೋಕದಿಂದ ತೆಗೆದುಕೊಳ್ಳಲಿ, ಜಾತಿಯನ್ನೂ ದೇವರನ್ನೂ ತೆಗೆದುಕೊಳ್ಳದಿರಲಿ.

ಇಂಥ ಪಂಥದವರನ್ನೂ ಮನುಷ್ಯರಾಗಿ ಕಾಣುವ ವಿಷಯದಲ್ಲಿ ಕನ್ನಡಕ್ಕೆ ಟೇಲರನಿಗಿಂತ ಹಳೆಯ ಗುರು ಕವಿ ಜನ್ನ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಜಾತ್ರೆಗೆ ನರಬಲಿ ಕೊಡಲು ಹೊರಟ ಮಾರಿದತ್ತ ರಾಜನೆದುರು ಹಿಡಿದು ತಂದ ಅಣ್ಣತಂಗಿಯರು ಅಳುವುದಿಲ್ಲ, ಹಿಟ್ಟಿನ ಹುಂಜವೊಂದನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾವು ಜನ್ಮಜನ್ಮಾಂತರ ಅನುಭವಿಸಿದ ನೋವನ್ನು ಹೇಳುತ್ತಾರೆ, ಮಾರಿದತ್ತ ಕತ್ತಿ ಬಿಡುತ್ತಾನೆ. ಪಂಥದ ಮುಖಂಡನೊಬ್ಬನನ್ನು ಕೊಲ್ಲದೆ, ಮಾತಿನಿಂದಲೇ ತಿರುಗಿಸುವ ದಾರಿಯನ್ನು ತೆರೆದಿಡುವ ಆಟಗಳು ಇನ್ನೂ ವಿರಳ. ಹಾಗೆ ತೆರೆದಿಡಬೇಕಾದರೆ ಅವನಿಗೆ ಕೇಳುವ ಕಿವಿಯನ್ನೂ, ಬಿಟ್ಟುಕೊಟ್ಟರೆ ಕಳೆದುಕೊಳ್ಳುವಂಥದ್ದೊಂದನ್ನೂ ಕಥೆ ಹೇಳುವವನು ಮೊದಲೇ ಕೊಟ್ಟಿರಬೇಕಾಗುತ್ತದೆ.